ನಾಲ್ಕು ಅಂಕದ ಸೋಲು



ಈ ಪುಟದಲ್ಲಿ ಅಂಗಡಿಯ ಮಾತು, ಮನೆಯ ಮಾತು ಬರೆಯುತ್ತ ಬಂದಿದ್ದೇವೆ. ಈ ಸಲ ಒಂದು ಆಟದ ಸಂಗತಿ ಬರೆಯುತ್ತೇವೆ. ಈ ವಯಸ್ಸಿನಲ್ಲಿ ಇವರಿಗೆ ಆಟದ ಹುಚ್ಚು ಯಾವಾಗ ಹಿಡಿಯಿತು ಎಂದು ನಗಬೇಡಿ. ಕೊನೆಗೆ ತಿರುಗಿ ಅಂಗಡಿಗೇ ಬರುತ್ತೇವೆ.

2023ರ ದಶಲಕ್ಷಣ ಪರ್ವಕ್ಕೆ ನಾವು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಮಗನ ಮನೆಯಲ್ಲಿದ್ದೆವು. ಸೆಪ್ಟೆಂಬರ್ 28ಕ್ಕೆ ಅನಂತ ಚತುರ್ದಶಿ. ಬಸ್ತಿ ಹತ್ತಿರವಿಲ್ಲ, ಮನೆಯಲ್ಲೇ ಪೂಜೆ, ನೋಂಪಿ ಮುಗಿಸಿದೆವು. ಕ್ಷಮಾವಣಿಗೆ ಊರಿನ ಎಲ್ಲರಿಗೂ ಫೋನು ಮಾಡಬೇಕೆಂದು ಹೆಸರುಗಳ ಯಾದಿ ಬರೆದು ಇಟ್ಟಿದ್ದೆವು. ಅಷ್ಟರಲ್ಲಿ ಮಗ ಬಂದು, "ಅಪ್ಪಾ, ಶನಿವಾರ ಮಧ್ಯಾಹ್ನ ಫೋನು ಬೇಡ, ನಮ್ಮ ಊರಿನ ತಂಡ ಫೈನಲ್‌ಗೆ ಹೋಗಿದೆ, ಸ್ನೇಹಿತರು ಮನೆಗೆ ಬರುತ್ತಾರೆ" ಎಂದ. ನಮ್ಮ ಊರು ಅಕ್ಕಲಕೋಟೆಯೋ ಬ್ರಿಸ್ಬೇನೋ ಎಂದು ಕೇಳಬೇಕೆಂದಿದ್ದೆವು, ಕೇಳಲಿಲ್ಲ.

ಆಟದ ಪರಿಚಯ ನಾಲ್ಕು ಮಾತಿನಲ್ಲಿ ಹೇಳುತ್ತೇವೆ. ಇಲ್ಲದಿದ್ದರೆ ಮುಂದಿನ ಜಗಳ ತಿಳಿಯುವುದಿಲ್ಲ. ಇದಕ್ಕೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಎಂದು ಹೆಸರು. ನಮ್ಮ ಹುಡುಗರು ಆಡುವ ಫುಟ್‌ಬಾಲ್ ಬೇರೆ, ಇದು ಬೇರೆ. 1859ರಲ್ಲಿ ಮೆಲ್ಬರ್ನ್ ನಗರದಲ್ಲಿ ಇದರ ನಿಯಮಗಳನ್ನು ಬರೆದರು. ಚೆಂಡು ಸುಲಿಯದ ತೆಂಗಿನಕಾಯಿಯಂತೆ ಉದ್ದಗೆ ಇರುತ್ತದೆ. ಕ್ರಿಕೆಟ್ ಮೈದಾನದಲ್ಲೇ ಆಡುತ್ತಾರೆ, ಒಂದೊಂದು ಕಡೆ 18 ಜನ. ಚೆಂಡನ್ನು ಒದೆಯಬಹುದು, ಹಿಡಿದು ಓಡಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸಬಹುದು, ಎಸೆಯುವಂತಿಲ್ಲ. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, ಅದಕ್ಕೆ 6 ಅಂಕ. ಗುರಿ ಸ್ವಲ್ಪ ತಪ್ಪಿ ಪಕ್ಕದ ಗಿಡ್ಡ ಕಂಬದ ಒಳಗೆ ಹೋದರೆ ಬಿಹೈಂಡ್, ಅದಕ್ಕೆ 1 ಅಂಕ. ಗುರಿ ತಪ್ಪಿದವನ ಕೈಗೂ ಒಂದು ಪೈಸೆ ಹಾಕಿ ಕಳಿಸುವ ಈ ಆಟ ನಮಗೆ ಬಹಳ ಹಿಡಿಸಿತು.

ಫೈನಲ್ ನಡೆದದ್ದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ. ಒಂದು ಲಕ್ಷ ಜನ ಸೇರಿದ್ದರು. ಒಂದು ಕಡೆ ಮೆಲ್ಬರ್ನಿನ ಹಳೆಯ ಕಾಲಿಂಗ್‌ವುಡ್ ತಂಡ, ಇನ್ನೊಂದು ಕಡೆ ಬ್ರಿಸ್ಬೇನ್ ಲಯನ್ಸ್. ಆ ವರ್ಷದ ಪಟ್ಟಿಯಲ್ಲಿ ಕಾಲಿಂಗ್‌ವುಡ್ ಮೊದಲನೆಯದು, ಬ್ರಿಸ್ಬೇನ್ ಎರಡನೆಯದು. ಮಗನ ಮನೆಯಲ್ಲಿ ಏಳೆಂಟು ಜನ ಟೀವಿಯ ಮುಂದೆ ಕೂತರು. ನಮ್ಮ ಪರ್ವದ ದಿನಗಳೆಂದು ತಿಳಿದು ಯಾರೂ ಮಾಂಸದ ಪದಾರ್ಥ ತರಲಿಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಸೊಸೆ ಮಾಡಿದ ಅವಲಕ್ಕಿ ಚೂಡಾ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ ತಿಂದರು, ನೀರು ಕುಡಿದರು, ಕೂಗಿದರು.

ತಕ್ಕಡಿ ಕೊನೆಯವರೆಗೆ ಒಂದು ಕಡೆ ನಿಲ್ಲಲಿಲ್ಲ. ಕೊನೆಯ ಪಾಳಿ ಮುಗಿಯುತ್ತ ಬಂದಾಗ ಚಾರ್ಲಿ ಕ್ಯಾಮರಾನ್ ಹೊಡೆದ ಗೋಲಿನಿಂದ ಬ್ರಿಸ್ಬೇನ್ ಮುಂದಾಯಿತು. ಕೂಡಲೇ ಕಾಲಿಂಗ್‌ವುಡ್‌ನ ಜೋರ್ಡನ್ ಡಿ ಗೋಯಿ ಒಂದು, ಹಿಂದೆಯೇ ಸ್ಟೀಲ್ ಸೈಡ್‌ಬಾಟಮ್ ಬಹಳ ದೂರದಿಂದ ಇನ್ನೊಂದು ಗೋಲ್ ಹೊಡೆದರು. ಬ್ರಿಸ್ಬೇನಿನ ಜೋ ಡ್ಯಾನಿಹರ್ ಮತ್ತೊಂದು ಹೊಡೆದಾಗ ಅಂತರ ನಾಲ್ಕೇ ಅಂಕ. ಒಂದು ಗೋಲ್ ಆದರೆ ಕಪ್ಪು ನಮ್ಮದು ಎಂದು ಮಗ ಎದ್ದು ನಿಂತ. ಗೋಲ್ ಆಗಲಿಲ್ಲ. ಸೈರನ್ ಊದಿತು. ಕಾಲಿಂಗ್‌ವುಡ್ 90, ಬ್ರಿಸ್ಬೇನ್ 86.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಅಂಗಡಿ ದಿವಾಳಿ ಎದ್ದ ಮನೆಯ ಹಾಗಿತ್ತು. ಆಮೇಲೆ ಶುರುವಾಯಿತು.

ಮೊದಲು ಸಿಕ್ಕವನು ಅಂಪಾಯರ್. ಕೊನೆಯ ನಿಮಿಷಗಳಲ್ಲಿ ಬ್ರಿಸ್ಬೇನಿನ ಲ್ಯಾಕೀ ನೀಲ್ ಎಂಬ ಆಟಗಾರನನ್ನು ಕತ್ತಿನ ಹತ್ತಿರ ಹಿಡಿದರೆಂದು ಫ್ರೀ ಕಿಕ್ ಕೊಟ್ಟರು. ಫ್ರೀ ಕಿಕ್ ಸಿಕ್ಕವನು ನಿಧಾನವಾಗಿ ನಿಂತು, ಜೊತೆಗಾರರನ್ನು ನೋಡಿಕೊಂಡು ಒದೆಯಬಹುದು. ಆದರೆ ಅದೇ ತಂಡದ ಇನ್ನೊಬ್ಬ, ಜ್ಯಾಕ್ ಬೇಲಿ, ಚೆಂಡು ಎತ್ತಿಕೊಂಡು ಮುಂದೆ ಒದ್ದುಬಿಟ್ಟ. ಅಂಪಾಯರ್ "ಅಡ್ವಾಂಟೇಜ್" ಎಂದು ಆಟ ಮುಂದುವರಿಸಿದರು. ಆ ಒದೆತದಿಂದ ಏನೂ ಗಿಟ್ಟಲಿಲ್ಲ. "ಆಟ ನಿಲ್ಲಿಸಿ ನೀಲ್‌ಗೇ ಚೆಂಡು ಕೊಟ್ಟಿದ್ದರೆ ನಾವು ಗೆಲ್ಲುತ್ತಿದ್ದೆವು, ನಮ್ಮ ಕಪ್ಪು ಕದ್ದರು" ಎಂದು ಒಬ್ಬ ತರುಣ ಕಣ್ಣಲ್ಲಿ ನೀರು ತಂದುಕೊಂಡ.

ಇನ್ನೊಬ್ಬ ಹೇಳಿದ, "ಮುಂದೆ ಒದ್ದವನು ನಮ್ಮವನೇ ತಾನೆ? ಅಂಪಾಯರ್ ಅವನ ಕೈ ಹಿಡಿದು ಒದೆಸಿದನೇ?" ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರು, "ಅದಕ್ಕಿಂತ ಮೊದಲು ಎರಡು ಗೋಲ್ ದೂರದಿಂದ ಹೊಡೆದರಲ್ಲ, ಅವರ ಹತ್ತಿರ ನಮ್ಮವರು ಯಾರಿದ್ದರು?" ಎಂದರು. ನಮ್ಮ ಮಗ, ಫೈನಲ್ಲನ್ನು ಮೆಲ್ಬರ್ನಿನಲ್ಲೇ ಆಡಿಸುವುದೇ ಅನ್ಯಾಯ, ಆ ಮೈದಾನ ಕಾಲಿಂಗ್‌ವುಡ್‌ನ ಅಂಗಳವಿದ್ದ ಹಾಗೆ ಎಂದ. ಮಾತಿಗೆ ಮಾತು ಬೆಳೆಯಿತು. ನಿನಗೆ ಆಟ ತಿಳಿಯುವುದಿಲ್ಲ ಎಂದು ಒಬ್ಬ, ನೀನು ನಿಜವಾದ ಅಭಿಮಾನಿಯೇ ಅಲ್ಲ ಎಂದು ಇನ್ನೊಬ್ಬ. ಸೋತದ್ದು ಒಂದೇ ತಂಡ. ಮನೆಯಲ್ಲಿ ಆದದ್ದು ನಾಲ್ಕು ಪಂಗಡ.

ಹೊತ್ತು ಮುಳುಗುವುದಕ್ಕೆ ಮೊದಲು ಊಟವಾಗಬೇಕೆಂದು ಸೊಸೆ ಕರೆದಳು. ತಟ್ಟೆಯ ಮುಂದೆಯೂ ಜಗಳ ನಿಲ್ಲಲಿಲ್ಲ. ನಮಗೆ ಆಟ ತಿಳಿಯದು, ಲೆಕ್ಕ ತಿಳಿಯುತ್ತದೆ. ಊಟವಾದ ಮೇಲೆ ಒಂದು ಹಾಳೆ ತೆಗೆದುಕೊಂಡು ಬರೆದೆವು. ಬ್ರಿಸ್ಬೇನ್: 13 ಗೋಲ್, 78 ಅಂಕ, 8 ಬಿಹೈಂಡ್, ಒಟ್ಟು 86. ಕಾಲಿಂಗ್‌ವುಡ್: 12 ಗೋಲ್, 72 ಅಂಕ, 18 ಬಿಹೈಂಡ್, ಒಟ್ಟು 90. ಎರಡೆರಡು ಸಲ ಕೂಡಿಸಿ ನೋಡಿದೆವು. ಸೋತವರ ಗೋಲೇ ಒಂದು ಹೆಚ್ಚು! ದೊಡ್ಡ ನೋಟು ಬ್ರಿಸ್ಬೇನಿನ ಗಲ್ಲೆಯಲ್ಲಿ ಹೆಚ್ಚು, ಚಿಲ್ಲರೆ ಕಾಲಿಂಗ್‌ವುಡ್‌ನ ಗಲ್ಲೆಯಲ್ಲಿ ಹೆಚ್ಚು. ಚಿಲ್ಲರೆ ಗೆದ್ದಿತು.

ಹಾಳೆ ತೋರಿಸಿದಾಗ ಆ ತರುಣ, "ಬಿಹೈಂಡ್ ಎಂದರೆ ಗುರಿ ತಪ್ಪಿದ್ದು, ಅದರಲ್ಲಿ ಏನು ಹೆಚ್ಚುಗಾರಿಕೆ?" ಎಂದ. ಮಾತು ಸರಿಯೇ. ಆದರೆ ಒಂದು ಕಡೆ 12ಕ್ಕೆ 18 ಕೂಡಿಸಿದರೆ 30. ಇನ್ನೊಂದು ಕಡೆ 13ಕ್ಕೆ 8 ಕೂಡಿಸಿದರೆ 21. ಒಬ್ಬನ ಅಂಗಡಿಗೆ ಮೂವತ್ತು ಗಿರಾಕಿ ಬಂದರು, ಹದಿನೆಂಟು ಜನ ಬರೀ ಉಪ್ಪಿನ ಪೊಟ್ಟಣ ಒಯ್ದರು. ಇನ್ನೊಬ್ಬನ ಅಂಗಡಿಗೆ ಇಪ್ಪತ್ತೊಂದು ಜನ ಬಂದರು. ಸಂಜೆ ಶಿಲ್ಕು ಎಣಿಸುವಾಗ ನಾಲ್ಕು ರೂಪಾಯಿ ಕಡಿಮೆ ಬಿದ್ದರೆ, ಬಾಗಿಲು ಹಾಕುವ ಹೊತ್ತಿಗೆ ಬಂದು ತಿರುಗಿ ಹೋದ ಒಬ್ಬ ಗಿರಾಕಿಯ ಮೇಲೆ ಎಲ್ಲ ಹಾಕುವುದು ಯಾವ ನ್ಯಾಯ? ಬೆಳಗಿನಿಂದ ನಡೆದದ್ದೂ ಲೆಕ್ಕದಲ್ಲಿ ಇದೆಯಲ್ಲ.

ಆಗ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಒಬ್ಬರು ಬಾಯಿ ತೆರೆದರು. ಅವರು ಮೆಲ್ಬರ್ನಿನವರು, ಕಾಲಿಂಗ್‌ವುಡ್ ಪಕ್ಷದವರು. ಗೆದ್ದರೂ ಮನೆಯವರ ಮುಖ ನೋಡಿ ಸಂತೋಷ ತೋರಿಸದೆ ಕೂತಿದ್ದರು. 2018ರ ಫೈನಲ್‌ನಲ್ಲಿ ಅವರ ತಂಡ ವೆಸ್ಟ್ ಕೋಸ್ಟ್ ತಂಡದ ಎದುರು 74ಕ್ಕೆ 79 ಅಂಕದಿಂದ, ಅಂದರೆ ಐದು ಅಂಕದಿಂದ ಸೋತಿತಂತೆ. ಗೋಲ್ ಎರಡೂ ಕಡೆ 11. ಎರಡು ನಿಮಿಷ ಉಳಿದಿಲ್ಲದಾಗ ಡಾಮ್ ಶೀಡ್ ಎಂಬವನು ಮೈದಾನದ ಅಂಚಿನಿಂದ ಗೋಲ್ ಹೊಡೆದ. ಆ ಚೆಂಡು ಅವನಿಗೆ ಸಿಗುವ ಮೊದಲು ನಮ್ಮವನನ್ನು ಅಡ್ಡಗಟ್ಟಿದ್ದರು, ಅಂಪಾಯರ್ ಫ್ರೀ ಕಿಕ್ ಕೊಡಲಿಲ್ಲ ಎಂದು ಕಾಲಿಂಗ್‌ವುಡ್‌ನ ಜನ ವರ್ಷಗಟ್ಟಲೆ ಜಗಳಾಡಿದರು. "ಐದು ವರ್ಷ ನಾನೂ ಅದನ್ನೇ ಹೇಳಿದೆ. ಮೊದಲನೆಯ ಪಾಳಿಯಲ್ಲಿ ಅಷ್ಟು ಮುಂದೆ ಇದ್ದವರು ಅದನ್ನು ಹೇಗೆ ಕಳೆದುಕೊಂಡೆವು ಎಂದು ಒಂದು ದಿನವೂ ಹೇಳಲಿಲ್ಲ" ಎಂದರು. 2002ರಲ್ಲಿ ಇದೇ ಬ್ರಿಸ್ಬೇನ್ ಇದೇ ಕಾಲಿಂಗ್‌ವುಡ್‌ನ್ನು ಒಂಬತ್ತು ಅಂಕದಿಂದ ಸೋಲಿಸಿತ್ತು ಎಂದೂ ನೆನಪು ಮಾಡಿಕೊಟ್ಟರು. ಹಳೆಯ ವಹಿಯಲ್ಲಿ ಎಲ್ಲರ ಹೆಸರಿಗೂ ಜಮಾ ಇದೆ, ಖರ್ಚೂ ಇದೆ.

ಆ ರಾತ್ರಿ ನಿದ್ದೆ ಬರುವವರೆಗೆ ಅದನ್ನೇ ಯೋಚಿಸಿದೆವು. ನಮ್ಮ ಧರ್ಮದ ಅನೇಕಾಂತವನ್ನು ಹುಡುಗನಾಗಿದ್ದಾಗಿನಿಂದ ಕೇಳಿದ್ದೇವೆ, ಕುರುಡರ ಆನೆಯ ಕಥೆ ನಿಮಗೂ ಗೊತ್ತು. ಅಲ್ಲಿ ಕೂತ ನಾಲ್ಕೂ ಪಂಗಡದವರು ಹೇಳಿದ್ದು ಒಂದೊಂದು ದೃಷ್ಟಿಯಿಂದ ನಿಜ. ಫ್ರೀ ಕಿಕ್ಕಿನ ಮಾತಿನಲ್ಲೂ ನಿಜ ಇತ್ತು, ಮೈದಾನದ ಮಾತಿನಲ್ಲೂ ಇತ್ತು. "ಇದೂ ಒಂದು ಕಾರಣ" ಎನ್ನುವವರೆಗೆ ಯಾರೂ ಸುಳ್ಳಾಡಲಿಲ್ಲ. "ಇದೊಂದೇ ಕಾರಣ" ಎಂದ ಕೂಡಲೇ ಸುಳ್ಳು ಹುಟ್ಟಿತು, ಅದರ ಬೆನ್ನಿಗೆ ಜಗಳ ಹುಟ್ಟಿತು. ಏಕಾಂತ ಎಂದು ಶಾಸ್ತ್ರದಲ್ಲಿ ಹೇಳುವ ದೋಷ ಇದೇ ಇರಬೇಕು. ಮೂವತ್ತು ಅಂಕದಿಂದ ಸೋತರೆ ಯಾರೂ ಹೀಗೆ ಒಬ್ಬನನ್ನು ಹುಡುಕುವುದಿಲ್ಲ. ಅಂತರ ಸಣ್ಣದಾದಷ್ಟೂ ತಪ್ಪು ಹೊರಲು ಒಬ್ಬ ಬೇಕಾಗುತ್ತಾನೆ.

ಈಗ ಅಂಗಡಿಗೆ ಬರುತ್ತೇವೆ. 1994ರವರೆಗೆ ನಾವೂ ನಮ್ಮ ತಮ್ಮನೂ ಕೂಡಿ ತೊಗರಿಯ ಅಡತ್ ವ್ಯಾಪಾರ ಮಾಡುತ್ತಿದ್ದೆವು. ಆ ಸುಗ್ಗಿಯ ಲೆಕ್ಕ ಮುಗಿಸುವಾಗ 11 ಸಾವಿರ ರೂಪಾಯಿ ಲುಕ್ಸಾನು ಬಂತು. ಕೊನೆಗೆ ಉಳಿದ 60 ಚೀಲ ತೊಗರಿಯನ್ನು ತಮ್ಮ ನಮ್ಮನ್ನು ಕೇಳದೆ ಮಾರಿದ್ದ; ಎರಡು ದಿನ ಬಿಟ್ಟು ದರ ಏರಿತು. "ಅಂಗಡಿ ನಿನ್ನಿಂದ ಮುಳುಗಿತು" ಎಂದು ಹಮಾಲರ ಎದುರಿಗೇ ಅಂದೆವು. ದೀಪಾವಳಿಯ ವಹಿಪೂಜೆಗೆ ಮೊದಲು ಅಂಗಡಿ ಎರಡಾಯಿತು. ಲಗ್ನಕ್ಕೆ, ಮುಂಜಿಗೆ ಹೋಗಿ ಬಂದು ಮಾಡಿದೆವು. ಪ್ರತಿ ಕ್ಷಮಾವಣಿಗೆ ಬಸ್ತಿಯ ಅಂಗಳದಲ್ಲಿ ಕೈ ಮುಗಿದು "ಉತ್ತಮ ಕ್ಷಮಾ" ಎಂದೆವು. ಆ ಮಾತು ಮಾತ್ರ ಆಡಲಿಲ್ಲ.

2015ರಲ್ಲಿ ಅಂಗಡಿ ಬದಲಾಯಿಸುವಾಗ ಅಟ್ಟದ ಮೇಲಿನ ಹಳೆಯ ಕೀರ್ದಿ ಕೈಗೆ ಸಿಕ್ಕಿತು. ಕೂತು ಓದಿದೆವು. ವಸೂಲಾಗದ ಉದ್ದರಿ, ತೂಕದ ಕಸರು, ಗೋದಾಮಿನಲ್ಲಿ ನುಸಿ ಹಿಡಿದ ಹನ್ನೆರಡು ಚೀಲ, ಪರಿಚಯದವರೆಂದು ಬಿಟ್ಟ ದಲಾಲಿ. ಐದು ನೂರು, ಎಂಟು ನೂರು, ಸಾವಿರದ ಬಾಬುಗಳು. ಎಲ್ಲ ನಮ್ಮ ಅಕ್ಷರ, ನಮ್ಮ ವ್ಯವಹಾರ. ತಮ್ಮನ ಆ ಕೊನೆಯ ಮಾರಾಟದಿಂದ ಆದದ್ದು ಒಟ್ಟು ಲುಕ್ಸಾನಿನ ಕಾಲು ಭಾಗವೂ ಇರಲಿಲ್ಲ. ಕೀರ್ದಿ ಮುಚ್ಚಿ ಅಟ್ಟದ ಮೇಲೆ ಇಟ್ಟೆವು. ಎಂಟು ವರ್ಷ ಯಾರಿಗೂ ಹೇಳಲಿಲ್ಲ. ಊರವರ ಲೆಕ್ಕ ತಿದ್ದುವ ನಾವು, ಪರದೇಶದ ಹುಡುಗರಿಗೆ ಹಾಳೆ ಬರೆದು ತೋರಿಸಿದ ನಾವು, ನಮ್ಮ ಹಾಳೆ ಬಚ್ಚಿಟ್ಟೆವು.

ಮರುದಿನ ರಾತ್ರಿ ಫೋನು ಹಚ್ಚಿದೆವು. ಅಲ್ಲಿ ಒಂಬತ್ತು, ಇಲ್ಲಿ ಸಂಜೆ ನಾಲ್ಕೂವರೆ. ತಮ್ಮ ಮನೆಯಲ್ಲೇ ಇದ್ದ. ಕೀರ್ದಿಯಲ್ಲಿ ಕಂಡದ್ದನ್ನು ಬಾಬು ಬಾಬಾಗಿ ಹೇಳಿ, "ತಪ್ಪು ನಮ್ದು ಇತ್ತು, ನಿನ್ನ ಮ್ಯಾಲೆ ಹಾಕಿದ್ವಿ" ಎಂದೆವು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಅಣ್ಣಾ, ಅರವತ್ತು ಚೀಲ ನಿಂಗ ಕೇಳದ ಮಾರಿದ್ದು ನನ್ನ ತಪ್ಪೂ ಹೌದು. ಆದ್ರ ಹಮಾಲರ ಮುಂದ ಅಂದದ್ದು ಮರ್ತಿಲ್ಲ ನೋಡು. ಇವತ್ತು ಹೇಳಿದಿ, ಛಲೋ ಆತು" ಎಂದ. ಮರೆತೆ ಎನ್ನಲಿಲ್ಲ. ಮರೆತೆ ಎಂದಿದ್ದರೆ ನಮಗೆ ಅಷ್ಟು ಸಮಾಧಾನ ಆಗುತ್ತಿರಲಿಲ್ಲ. ಎಷ್ಟು ಬಾಕಿ ಇದೆ ಎಂದು ತಿಳಿದಾಗಲೇ ಲೆಕ್ಕ ಚುಕ್ತಾ ಮಾಡಲು ಬರುತ್ತದೆ.

ಅಂಪಾಯರ್ ತಪ್ಪು ಮಾಡಿದರೆ ಸುಮ್ಮನಿರಬೇಕು ಎಂದು ನಾವು ಹೇಳುವುದಿಲ್ಲ. ಪೇಟೆಯ ಕಾಟಾ ಸುಳ್ಳು ತೂಗಿದರೆ ದೂರು ಕೊಡಲೇಬೇಕು. ಆದರೆ ದೂರು ಬರೆಯುವ ಮೊದಲು ಸ್ವಂತ ಕೀರ್ದಿ ಒಮ್ಮೆ ತೆಗೆದು ನೋಡಬೇಕು, ಅಷ್ಟೇ.

ಬ್ರಿಸ್ಬೇನಿನ ಹುಡುಗರ ಸುದ್ದಿ ಹೇಳಿ ಮುಗಿಸುತ್ತೇವೆ. ಮರುವರ್ಷ, 2024ರಲ್ಲಿ, ಫೈನಲ್‌ಗೆ ಹೋಗುವ ದಾರಿಯ ಒಂದು ಆಟದಲ್ಲಿ ಆ ತಂಡ 44 ಅಂಕ ಹಿಂದೆ ಬಿದ್ದಿದ್ದರೂ ಐದು ಅಂಕದಿಂದ ಗೆದ್ದಿತು. ಫೈನಲ್‌ನಲ್ಲಿ ಸಿಡ್ನಿ ತಂಡವನ್ನು 60 ಅಂಕದಿಂದ ಸೋಲಿಸಿತು. 2025ರಲ್ಲಿ ಜೀಲಾಂಗ್ ತಂಡವನ್ನು 47 ಅಂಕದಿಂದ ಸೋಲಿಸಿ ಮತ್ತೆ ಕಪ್ಪು ತೆಗೆದುಕೊಂಡಿತು. ಎರಡೂ ಫೈನಲ್ ಅದೇ ಮೆಲ್ಬರ್ನ್ ಮೈದಾನದಲ್ಲೇ. ಮಗ ಫೋನು ಮಾಡಿ ಕುಣಿದ. ಅಂಪಾಯರ್ ಹೇಗಿದ್ದ ಎಂದು ಕೇಳಿದೆವು. "ಯಾರು ನೋಡಿದ್ದಾರೆ ಅಪ್ಪಾ?" ಎಂದ.

ವಾಚಕ ಬಂಧುಗಳೇ, ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಕೀರ್ದಿ ಇರಬಹುದು. ಕ್ಷಮಾವಣಿ ಬರುವವರೆಗೆ ಕಾಯಬೇಕೆಂದಿಲ್ಲ. ಈ ಪುಟದಲ್ಲಿ ನಮ್ಮಿಂದ ಯಾರ ಮನಸ್ಸಾದರೂ ನೊಂದಿದ್ದರೆ, ಉತ್ತಮ ಕ್ಷಮಾ.