ತಡೆಯುವ ನರಕೋಶಗಳಿಗೂ ಒಂದು ಪಿರಿಯಡ್ ಕೊಡಿ

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ನರವ್ಯೂಹದ ಪಾಠವನ್ನು ನಾವೆಲ್ಲ ಓದಿದ್ದೇವೆ. ಸಂದೇಶ ತಲುಪಿದ ನರಕೋಶ ಒಂದೋ ಉತ್ತೇಜನಗೊಳ್ಳುತ್ತದೆ, ಇಲ್ಲವೇ ತಡೆಗೊಳ್ಳುತ್ತದೆ ಎಂಬ ಅರ್ಥದ ಒಂದೇ ವಾಕ್ಯ ಅಲ್ಲಿದೆ. ನಂತರ ಪಾಠ ಮುಂದಕ್ಕೆ ಹೋಗುತ್ತದೆ. ಈ ವಾಕ್ಯದ ಕೊನೆಯ ಅರ್ಧಕ್ಕೆ, ಅಂದರೆ ತಡೆಯುವ ನರಕೋಶಗಳಿಗೆ, ನಮ್ಮ ಕಾಲೇಜಿನಲ್ಲಿ ಕನಿಷ್ಠ ಒಂದು ಪಿರಿಯಡ್ ಮೀಸಲಿಡಬೇಕು ಎಂಬುದು ನನ್ನ ಅಭಿಪ್ರಾಯ. ಪರೀಕ್ಷೆಯಲ್ಲಿ ಇದರಿಂದ ಅಂಕ ಬರಲಿಕ್ಕಿಲ್ಲ. ಆದರೆ ಫಿಟ್ಸ್ ಬರುವವರನ್ನು ನಮ್ಮ ಮನೆಗಳಲ್ಲಿ, ಮೊಹಲ್ಲಾಗಳಲ್ಲಿ ನಡೆಸಿಕೊಳ್ಳುವ ರೀತಿ ಇದರಿಂದ ಬದಲಾಗಬಹುದು.

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಮೆದುಳಿನ ಹೊರಪದರವಾದ ಕಾರ್ಟೆಕ್ಸ್‌ನಲ್ಲಿ ಹೆಚ್ಚಿನ ಕೋಶಗಳು ಮುಂದಿನ ಕೋಶವನ್ನು ಎಬ್ಬಿಸುವಂಥವು. ಹೆಚ್ಚುಕಡಿಮೆ ಐದರಲ್ಲಿ ಒಂದು ಕೋಶ ಮಾತ್ರ ತಡೆಯುವ ಕೆಲಸ ಮಾಡುತ್ತದೆ. ಇವು ಬಿಡುಗಡೆ ಮಾಡುವ ರಾಸಾಯನಿಕದ ಹೆಸರು ಗಾಬಾ. ಅದು ಮೆದುಳಿನಲ್ಲಿ ಇದೆ ಎಂದು 1950ರಲ್ಲಿ ಯುಜೀನ್ ರಾಬರ್ಟ್ಸ್ ತೋರಿಸಿಕೊಟ್ಟರು. ಗಾಬಾ ಬಂದು ಅಂಟಿಕೊಂಡಾಗ ಕೋಶದ ಕ್ಲೋರೈಡ್ ದ್ವಾರಗಳು ತೆರೆದುಕೊಳ್ಳುತ್ತವೆ, ಋಣ ಆವೇಶ ಒಳಗೆ ಬರುತ್ತದೆ, ಆ ಕೋಶ ಮುಂದಕ್ಕೆ ಸಂದೇಶ ಕಳುಹಿಸುವುದು ಕಷ್ಟವಾಗುತ್ತದೆ. ನರಕೋಶದ ಉತ್ತೇಜನ ಮತ್ತು ತಡೆಯ ಹಿಂದಿರುವ ಅಯಾನುಗಳ ಕೆಲಸವನ್ನು ಬಿಡಿಸಿ ತೋರಿಸಿದ್ದಕ್ಕಾಗಿ ಜಾನ್ ಎಕ್ಲ್ಸ್, ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಅವರಿಗೆ 1963ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಪಠ್ಯದ ವಾಕ್ಯ ಓದಿದರೆ ತಡೆಯುವ ಕೋಶ ಎಂದರೆ ಒಂದೇ ಬಗೆ ಎಂದು ಅನಿಸುತ್ತದೆ. ನಿಜದಲ್ಲಿ ಅವುಗಳಲ್ಲಿ ಹಲವು ಬಗೆಗಳಿವೆ, ಒಂದೊಂದಕ್ಕೂ ಅದರದೇ ಜಾಗ, ಅದರದೇ ಹೊತ್ತು. ಬಾಸ್ಕೆಟ್ ಕೋಶಗಳು ಇನ್ನೊಂದು ಕೋಶದ ದೇಹವನ್ನು ಬುಟ್ಟಿ ಹೆಣೆದಂತೆ ಸುತ್ತಿಕೊಂಡು ಅಲ್ಲಿಯೇ ತಡೆಯುತ್ತವೆ. ಇವುಗಳಲ್ಲಿ ಹಲವು ಕೋಶಗಳು ಬಹಳ ವೇಗದವು, ಒಂದು ಸೆಕೆಂಡಿನಲ್ಲಿ ನೂರಾರು ಸಲ ಸಂದೇಶ ಕಳುಹಿಸಬಲ್ಲವು. ಶಾಂಡೆಲಿಯರ್ ಕೋಶದ ಕವಲುಗಳು ಮಸೀದಿಯ ಹಜಾರದಲ್ಲಿ ತೂಗುವ ಶಾಂಡೆಲಿಯರ್ ದೀಪದಂತೆ ಕಾಣುತ್ತವೆ. ಅವು ಆಕ್ಸಾನ್ ಶುರುವಾಗುವ ಬುಡಕ್ಕೇ, ಸಂದೇಶ ಹುಟ್ಟುವ ಜಾಗಕ್ಕೇ ಹೋಗಿ ಸೇರುತ್ತವೆ. ಮಾರ್ಟಿನೋಟಿ ಕೋಶಗಳು ದೂರದ ಡೆಂಡ್ರೈಟ್‌ಗಳ ಮೇಲೆ ಕೂತು, ಒಳಗೆ ಬರುವ ಸುದ್ದಿಯನ್ನು ಬಾಗಿಲಲ್ಲೇ ಕಡಿಮೆ ಮಾಡುತ್ತವೆ.

ಇನ್ನೊಂದು ಬಗೆಯ ಹೆಸರು ವಿಐಪಿ ಕೋಶ. ಇಲ್ಲಿ ವಿಐಪಿ ಎಂದರೆ ಸಮಾರಂಭದ ಮುಂದಿನ ಸಾಲಿನಲ್ಲಿ ಕೂರುವವರಲ್ಲ, ವ್ಯಾಸೋಆಕ್ಟಿವ್ ಇಂಟೆಸ್ಟೈನಲ್ ಪೆಪ್ಟೈಡ್ ಎಂಬ ಪ್ರೋಟೀನ್ ತುಣುಕು. ಈ ಕೋಶಗಳು ಮುಖ್ಯವಾಗಿ ತಡೆಯುವ ಕೋಶಗಳನ್ನೇ ತಡೆಯುತ್ತವೆ. ತಡೆಗೆ ತಡೆ ಬಿದ್ದಾಗ ದಾರಿ ತೆರೆಯುತ್ತದೆ. ಹೀಗೆ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬುದು ಇಷ್ಟೊಂದು ಕೈಗಳಲ್ಲಿ ಹಂಚಿಹೋಗಿದೆ.

ಈ ತಡೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮಗೆ ಗೊತ್ತಿರುವ ಉದಾಹರಣೆಗಳೇ ಇವೆ. ಬೆನ್ನುಹುರಿಯಲ್ಲಿ ಗಾಬಾ ಜೊತೆಗೆ ಗ್ಲೈಸಿನ್ ಕೂಡ ತಡೆಯುವ ರಾಸಾಯನಿಕ. ನಮ್ಮ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್ ವಿಷ ಗ್ಲೈಸಿನ್ ಕೂರುವ ಜಾಗವನ್ನು ಮುಚ್ಚಿಬಿಡುತ್ತದೆ. ಆಗ ಸ್ನಾಯುಗಳು ಸೆಟೆದು ಮೈ ನಡುಗುತ್ತದೆ. ಧನುರ್ವಾಯುವಿನ ವಿಷ ಇನ್ನೊಂದು ದಾರಿ ಹಿಡಿಯುತ್ತದೆ. ಅದು ಗಾಯದಿಂದ ನರಗಳ ಮೂಲಕ ಬೆನ್ನುಹುರಿ ತಲುಪಿ, ತಡೆಯುವ ಕೋಶಗಳು ಗ್ಲೈಸಿನ್ ಮತ್ತು ಗಾಬಾ ಬಿಡುಗಡೆ ಮಾಡದಂತೆ ನೋಡಿಕೊಳ್ಳುತ್ತದೆ. ಮೈ ಬಿಲ್ಲಿನಂತೆ ಬಾಗುವುದು ಅದರಿಂದಲೇ. ತುಕ್ಕು ಮೊಳೆ ಚುಚ್ಚಿದಾಗ ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳುವ ನಾವು ಈ ಕೋಶಗಳನ್ನೇ ಕಾಪಾಡಿಕೊಳ್ಳುತ್ತಿರುತ್ತೇವೆ.

ಇನ್ನು ಫಿಟ್ಸ್. ಬಹಳಷ್ಟು ನರಕೋಶಗಳು ಒಟ್ಟಿಗೇ, ಹಿಡಿತವಿಲ್ಲದೆ ಸಂದೇಶ ಕಳುಹಿಸತೊಡಗಿದಾಗ ಬರುವಂಥದ್ದು ಅದು. ಅದಕ್ಕೆ ತಲೆಗೆ ಬಿದ್ದ ಪೆಟ್ಟು, ಮೆದುಳಿನ ಸೋಂಕು, ಪಾರ್ಶ್ವವಾಯು, ಆನುವಂಶಿಕತೆ ಹೀಗೆ ಹಲವು ಕಾರಣಗಳಿವೆ. ಡ್ರಾವೆ ಸಿಂಡ್ರೋಮ್ ಎಂಬ ರೋಗವನ್ನೇ ನೋಡಿ. ಮಗುವಿಗೆ ಒಂದು ವರ್ಷ ತುಂಬುವ ಮೊದಲೇ, ಹೆಚ್ಚಾಗಿ ಜ್ವರದ ಜೊತೆಗೆ ಫಿಟ್ಸ್ ಶುರುವಾಗುತ್ತದೆ. ಸೋಡಿಯಂ ದ್ವಾರವೊಂದನ್ನು ಕಟ್ಟುವ ಜೀನ್‌ನಲ್ಲಿ ದೋಷವಿರುವುದು ಇದಕ್ಕೆ ಕಾರಣ ಎಂದು 2001ರಲ್ಲಿ ತಿಳಿಯಿತು. ಆ ದ್ವಾರವನ್ನು ಹೆಚ್ಚು ನೆಚ್ಚಿಕೊಂಡಿರುವುದು ತಡೆಯುವ ಕೋಶಗಳೇ ಎಂದು 2006ರಲ್ಲಿ ಇಲಿಗಳಲ್ಲಿ ನಡೆದ ಅಧ್ಯಯನ ತೋರಿಸಿತು. ಹಾಗಾಗಿ ಬೇರೆ ಹಲವರಿಗೆ ಫಿಟ್ಸ್ ನಿಲ್ಲಿಸುವ, ಸೋಡಿಯಂ ದ್ವಾರ ಮುಚ್ಚುವ ಕಾರ್ಬಮಜೆಪಿನ್‌ನಂಥ ಮಾತ್ರೆ ಈ ಮಕ್ಕಳಿಗೆ ಫಿಟ್ಸ್ ಹೆಚ್ಚಿಸಬಹುದು. ಕೋಶದ ಬಗೆ ಗೊತ್ತಿರುವುದು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಪಕ್ಕದ ಮನೆಯವರಿಗೆ ವಾಸಿಯಾದ ಮಾತ್ರೆಯನ್ನು ನಮ್ಮ ಮಗುವಿಗೂ ಕೊಡಬಾರದು ಎಂಬ ಮಾತು ಇಲ್ಲಿಂದಲೇ ಅರ್ಥವಾಗುತ್ತದೆ.

ಆದರೆ ಫಿಟ್ಸ್ ಬಂದ ಕೂಡಲೇ ನಮ್ಮ ಸುತ್ತ ನಡೆಯುವುದೇನು? ಕೈಗೆ ಬೀಗದ ಕೈ ತುರುಕುತ್ತಾರೆ. ಹಲ್ಲಿನ ನಡುವೆ ಚಮಚ ಇಡುತ್ತಾರೆ. ಜಿನ್ನ್ ಹಿಡಿದಿದೆ ಎಂದು ಪಿಸುಗುಟ್ಟುತ್ತಾರೆ. ಹುಡುಗಿಯಾದರೆ ಮದುವೆಯ ಮಾತು ಕೆಡುತ್ತದೆಂದು ಡಾಕ್ಟರ ಚೀಟಿಯನ್ನೂ ಬಚ್ಚಿಡುತ್ತಾರೆ. ಕೆಲವರು ಗುಂಪು ಕಟ್ಟಿ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ.

ಸಹೀಹ್ ಬುಖಾರಿಯಲ್ಲಿ ಒಬ್ಬ ಮಹಿಳೆಯ ವಿಷಯ ಬರುತ್ತದೆ. ತನಗೆ ಫಿಟ್ಸ್ ಬರುತ್ತದೆ, ಆಗ ಮೈಮೇಲಿನ ಬಟ್ಟೆ ಸರಿಯುತ್ತದೆ ಎಂದು ಆಕೆ ಪ್ರವಾದಿಯವರ (ಸ) ಬಳಿ ಬಂದು ದುಆ ಕೇಳಿದರು. ಸಹನೆಯಿಂದಿದ್ದರೆ ಸ್ವರ್ಗ, ಬೇಕಿದ್ದರೆ ಗುಣವಾಗಲೆಂದು ದುಆ ಮಾಡುತ್ತೇನೆ ಎಂದು ಪ್ರವಾದಿಯವರು ತಿಳಿಸಿದರು. ಆಕೆ ಸಹನೆಯನ್ನು ಆರಿಸಿಕೊಂಡು, ಮೈ ತೆರೆಯದಂತೆ ಮಾತ್ರ ದುಆ ಕೇಳಿದರು. ಪ್ರವಾದಿಯವರು ಹಾಗೆಯೇ ದುಆ ಮಾಡಿದರು. ಅವರು ಆಕೆಯನ್ನು ದೂರ ಇಡಲಿಲ್ಲ, ಆಕೆಯ ಮಾನದ ಚಿಂತೆಯನ್ನು ಕೇಳಿಸಿಕೊಂಡರು. ಇದನ್ನು ಓದಿದ ನಾವು ಕನಿಷ್ಠ ಒಂದು ದುಪ್ಪಟ್ಟಾ ಹೊದಿಸಿ, ಗುಂಪನ್ನು ಚದುರಿಸಬಹುದಲ್ಲವೇ? ಇನ್ನು, ರೋಗಕ್ಕೆ ಚಿಕಿತ್ಸೆ ಪಡೆಯಿರಿ ಎಂದು ಬೇರೆ ಹದೀಸ್‌ಗಳು ಹೇಳುತ್ತವೆ. ದುಆ ಮಾಡುವ ಕೈಗೆ ಮಾತ್ರೆ ಕೊಡಲು ಅಡ್ಡಿಯೇನೂ ಇಲ್ಲ.

ರಂಝಾನ್ ತಿಂಗಳಲ್ಲಿ ಈ ವಿಷಯಕ್ಕೆ ಇನ್ನೂ ಹೆಚ್ಚು ಮಹತ್ವವಿದೆ. ಮಾತ್ರೆ ತಪ್ಪುವುದು ಮತ್ತು ನಿದ್ದೆ ಕೆಡುವುದು, ಎರಡೂ ಫಿಟ್ಸ್ ಬರಲು ಸಾಮಾನ್ಯ ಕಾರಣಗಳು. ಸಹರಿ, ತರಾವೀಹ್ ನಡುವೆ ಇವೆರಡೂ ಒಟ್ಟಿಗೆ ಆಗುವ ಸಾಧ್ಯತೆ ಇದೆ. ಮಾತ್ರೆಯ ಹೊತ್ತನ್ನು ಬದಲಿಸಬಹುದೇ, ಉಪವಾಸ ಹಿಡಿಯಬಹುದೇ ಎಂದು ತಿಂಗಳು ಶುರುವಾಗುವ ಮೊದಲೇ ಡಾಕ್ಟರನ್ನು ಕೇಳಬೇಕು. ರೋಗಿಗಳಿಗೆ ಕುರ್‌ಆನ್ ವಿನಾಯಿತಿ ಕೊಟ್ಟಿದೆ. ನಾವು ಯಾರನ್ನೂ ನಾಚಿಸಿ ಉಪವಾಸ ಹಿಡಿಸಬಾರದು.

ನೀಟ್‌ಗೆ ಬರದ ವಿಷಯಕ್ಕೆ ಸಮಯ ಎಲ್ಲಿದೆ ಎಂದು ಕೆಲವು ಗೆಳೆಯರು ಕೇಳಬಹುದು. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ, ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಜನರ ವಿಷಯಕ್ಕೆ 50 ನಿಮಿಷ ದೊಡ್ಡದಲ್ಲ. ಕಾಮರ್ಸ್, ಆರ್ಟ್ಸ್ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡೇ ಇದನ್ನು ಮಾಡಬಹುದು.

ಆ ಪಿರಿಯಡ್‌ನ ಮೊದಲ ಅರ್ಧದಲ್ಲಿ ಈ ಕೋಶಗಳ ಚಿತ್ರ ಬರೆದು ವಿವರಿಸಲಿ. ಉಳಿದ ಅರ್ಧದಲ್ಲಿ ಡಾಕ್ಟರೊಬ್ಬರನ್ನು ಕರೆಸಿ ಪ್ರಥಮ ಚಿಕಿತ್ಸೆ ತೋರಿಸಲಿ: ತಲೆಯ ಕೆಳಗೆ ಮೆತ್ತನೆಯದು ಇಡುವುದು, ಸುತ್ತಲಿನ ಬೆಂಚು ಸರಿಸುವುದು, ಒಂದು ಮಗ್ಗುಲಿಗೆ ಮಲಗಿಸುವುದು, ಅದುಮಿ ಹಿಡಿಯದಿರುವುದು, ಬಾಯಿಗೆ ಏನನ್ನೂ ಹಾಕದಿರುವುದು, ಗಡಿಯಾರ ನೋಡುವುದು. ಐದು ನಿಮಿಷ ದಾಟಿದರೆ, ಇಲ್ಲವೇ ಎಚ್ಚರವಾಗದೆ ಮತ್ತೆ ಬಂದರೆ, 108ಕ್ಕೆ ಕರೆ ಮಾಡಬೇಕು. ಈ ಕೋರಿಕೆಯನ್ನು ಪ್ರಾಂಶುಪಾಲರ ಮತ್ತು ಜೀವಶಾಸ್ತ್ರ ವಿಭಾಗದ ಮುಂದೆ ಇಡುತ್ತಿದ್ದೇನೆ. ಬರುವ ರಂಝಾನ್‌ಗೆ ಮೊದಲೇ ಇದು ನಡೆದರೆ, ಫಿಟ್ಸ್ ಇದ್ದೂ ಯಾರಿಗೂ ಹೇಳದೆ ತರಗತಿಯಲ್ಲಿ ಕೂತಿರಬಹುದಾದ ಒಬ್ಬ ಸಹಪಾಠಿಗೆ ಹೇಳಿಕೊಳ್ಳಲು ಧೈರ್ಯ ಬರುತ್ತದೆ.