ತಿಳಿದ ಕೆರೆ, ತಿಳಿಯದ ಮೀನು

ನಮ್ಮೂರ ಕೆರೆಯನ್ನು ಅಂಗೈಯಂತೆ ಬಲ್ಲೆವೆಂಬ ಹೆಮ್ಮೆ ನಮಗಿದ್ದಿತು. ತೂಬಿನ ಬಳಿ ಎರೆಹುಳು ಸಿಕ್ಕಿಸಿ ಗಾಳವನ್ನು ತಳಕ್ಕಿಳಿಸುವುದೇ ನಮ್ಮ ಹಳೆಯ ಶಾಸ್ತ್ರ. ಈ ಬೇಸಗೆಯಲ್ಲಿ ನಾಲ್ಕು ಭಾನುವಾರ ಬರಿಗೈಯಲ್ಲಿ ಮರಳಿದೆವು. "ಕೆರೆಯ ಕಾಲ ಮುಗಿಯಿತು" ಎಂದು ನಾವಾಡಿದ ಮಾತನ್ನು ನಂಬಿ, ಕಿರಿಯ ಮಗನು ನಮ್ಮೊಡನೆ ಬರುವುದನ್ನೇ ಬಿಟ್ಟನು.

ಗುತ್ತಿಗೆ ಹಿಡಿದ ಬೆಸ್ತರ ಹಿರಿಯರೊಬ್ಬರು ಇದನ್ನು ಕೇಳಿ ನಕ್ಕು, "ಸ್ವಾಮಿ, ಹೋದ ಮಳೆಗಾಲ ನಾವು ಬಿಟ್ಟದ್ದೆಲ್ಲ ಕಾಟ್ಲಾ ಮರಿ. ಅದು ತಳಕ್ಕಿಳಿದು ಮೇಯುವುದುಂಟೆ?" ಎಂದರು.

ವಾಚಕರೆ, ಕಾಟ್ಲಾ ಮೇಲಣ ನೀರಿನಲ್ಲಿಯೂ, ರೋಹು ನಡುನೀರಿನಲ್ಲಿಯೂ, ಮೃಗಾಲ್ ತಳದಲ್ಲಿಯೂ ಮೇಯುವುವು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧರಿಯವರು ಚುಚ್ಚುಮದ್ದಿನಿಂದ ಗೆಂಡೆಜಾತಿಯ ಮೀನುಗಳಲ್ಲಿ ಮೊಟ್ಟೆಯಿಡಿಸಿದಂದಿನಿಂದ, ಉತ್ತರದ ನದಿಗಳ ಈ ಮೀನುಗಳ ಮರಿಗಳು ದೂರದ ಕೆರೆಗಳಿಗೂ ಸುಲಭವಾಗಿ ಒದಗಿದುವು. ಕೆರೆ ಹಳೆಯದಾದರೂ ಒಳಗಿನ ಒಕ್ಕಲು ಹೊಸದು.

ಮರುವಾರ ಹಿರಿಯರ ಅಪ್ಪಣೆ ಪಡೆದು, ತವುಡು ಹಿಂಡಿಗಳ ಉಂಡೆಯನ್ನು ಸಿಕ್ಕಿಸಿ, ಬೆಂಡನ್ನು ಗಾಳದ ಸಮೀಪಕ್ಕೆ ಸರಿಸಿದೆವು. ಮಗನನ್ನು ಬೇಡಿಕೊಂಡೇ ಕರೆದೊಯ್ದಿದ್ದೆವು. ಬೆಂಡು ಮುಳುಗಿದಾಗ ಕೋಲು ಅವನ ಕೈಯಲ್ಲಿದ್ದಿತು. ಅಂದು ಮನೆಗೆ ಬಂದುದು ಒಂದೇ ಮೀನು. ಆದರೆ ಮುಂದಿನ ಭಾನುವಾರ ನಮ್ಮನ್ನು ಎಬ್ಬಿಸಿದವನು ಅವನೇ.