ಬೀಗದ ಕೈ ಯಾರ ಜೇಬಿನಲ್ಲಿ?



ನೀವು ಹೊಟ್ಟೆಪಾಡಿಗೆ ಪಟ್ಟಣ ಸೇರಿದವರು. ಆದರೂ ಅಪ್ಪನದೋ ತಾತನದೋ ಊರು ಅಂತ ಒಂದಿದೆ. ಆ ಊರಲ್ಲಿ ಸಮುದಾಯ ಭವನವೂ ಇದ್ದೀತು. ಈ ಸಲ ಹಬ್ಬಕ್ಕೆ ಹೋದಾಗ ಅದರ ಬಾಗಿಲು ನೋಡಿ. ಬೀಗ ಬಿದ್ದಿದ್ದರೆ ಕೇಳಿ: ಬೀಗದ ಕೈ ಯಾರ ಹತ್ತಿರ ಇದೆ?

ಹಿಂದೆ ಭವನ ಇರಲಿಲ್ಲ, ಚಾವಡಿ ಇತ್ತು. ಪಟೇಲರು, ಶಾನುಭೋಗರು ಅಲ್ಲಿ ಕೂತು ಕಂದಾಯ ಎತ್ತುತ್ತಿದ್ದರು, ನ್ಯಾಯ ಹೇಳುತ್ತಿದ್ದರು. ಅದನ್ನು ಹೊಗಳಿ ಹಾಡುವುದು ಬೇಡ. ಜಗಲಿಯ ಮೇಲೆ ಕೂರುವವನು ಯಾರು, ಅಂಗಳದಲ್ಲಿ ಕೈಕಟ್ಟಿ ನಿಲ್ಲುವವನು ಯಾರು ಎಂಬುದು ಹುಟ್ಟಿನಿಂದಲೇ ತೀರ್ಮಾನವಾಗಿತ್ತು. 1961ರ ಕಾಯ್ದೆ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳನ್ನು ಕಿತ್ತುಹಾಕಿತು. 1963ರಲ್ಲಿ ಅದು ಜಾರಿಗೆ ಬಂತು. ಚಾವಡಿಯ ದರ್ಬಾರು ಮುಗಿಯಿತು.

ಆಮೇಲೆ ಬಂದದ್ದು ಸಮುದಾಯ ಭವನ. ಹೆಸರೇ ಹೇಳುವಂತೆ ಅದು ಎಲ್ಲರದು. 1993ರ ಡಿಸೆಂಬರ್‌ನಲ್ಲಿ ಸಂಸದರ ನಿಧಿ ಶುರುವಾಯಿತು. ಮೊದಲು 5 ಲಕ್ಷ, ಮರುವರ್ಷ 1 ಕೋಟಿ, 2011-12ರಿಂದ ವರ್ಷಕ್ಕೆ 5 ಕೋಟಿ. ಶಾಸಕರ ನಿಧಿ ಬೇರೆ. ಗುದ್ದಲಿ ಪೂಜೆ, ಹಾರ, ಫೋಟೋ, ಗೋಡೆಗೊಂದು ಹೆಸರಿನ ಕಲ್ಲು! ಕಟ್ಟುವವರಿಗೆ ಬರವಿಲ್ಲ. ಗುಡಿಸುವವರು ಯಾರು? ಕರೆಂಟ್ ಬಿಲ್ ಕಟ್ಟುವವರು ಯಾರು?

ಮಂಜೂರಾತಿಗೆ ಮುಂಚೆಯೇ ನಿರ್ವಹಣೆಯ ಹೊಣೆ ಯಾರದೆಂದು ಖಾತ್ರಿ ಪಡೆಯಬೇಕು ಅನ್ನುತ್ತದೆ ಸಂಸದರ ನಿಧಿಯ ನಿಯಮ. 1993ರಲ್ಲಿ ಜಾರಿಯಾದ 73ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆಂದು ಪಟ್ಟಿಮಾಡಿದ 29 ವಿಷಯಗಳ ಪೈಕಿ ಕೊನೆಯದು ಇದೇ: ಸಮುದಾಯದ ಆಸ್ತಿಗಳ ನಿರ್ವಹಣೆ. ಕಾಗದದಲ್ಲಿ ಎಲ್ಲ ಸರಿ!

ನಾನು ಪ್ರೆಸ್ ಇಟ್ಟವನು. ಹಳ್ಳಿಯವರು ಲಗ್ನಪತ್ರಿಕೆ ಮಾಡಿಸಲು ಬಂದು, ಸ್ಥಳ ಎಂಬಲ್ಲಿ ಪೇಟೆಯ ಕಲ್ಯಾಣ ಮಂಟಪದ ಹೆಸರು ಬರೆಸುತ್ತಾರೆ. ಊರಲ್ಲಿ ಭವನ ಇಲ್ಲವೇ ಎಂದರೆ, "ಐತೆ ಸ್ವಾಮಿ, ನೀರಿಲ್ಲ, ಕಕ್ಕಸಿಲ್ಲ, ಗೊಬ್ಬರದ ಮೂಟೆ ತುಂಬವ್ರೆ" ಅನ್ನುತ್ತಾರೆ. ಮನೆ ಪಕ್ಕದಲ್ಲೇ ಸರ್ಕಾರದ ದುಡ್ಡಿನ ಭವನ ಇದ್ದೂ, ಮಂಟಪದ ಬಾಡಿಗೆಗೆ ಸಾಲ ಮಾಡಬೇಕು. ಇದು ಯಾವ ನ್ಯಾಯ?

ಭವನ ನಡೆಸುವುದು ಬ್ರಹ್ಮವಿದ್ಯೆಯಲ್ಲ. ಎಲ್ಲರಿಗೂ ಒಂದೇ ಬಾಡಿಗೆ. ಅದನ್ನು ಬಾಗಿಲ ಮೇಲೆ ದೊಡ್ಡಕ್ಷರದಲ್ಲಿ ಬರೆಸಬೇಕು. ಮೊದಲು ಕೇಳಿದವರಿಗೆ ಮೊದಲ ತಾರೀಖು. ಕೊಟ್ಟ ಪ್ರತಿ ಕಾಸಿಗೂ ರಸೀದಿ. ರಸೀದಿ ಪುಸ್ತಕ ಅಚ್ಚು ಹಾಕಿಸುವ ಖರ್ಚು ಕಟ್ಟಡದ ಖರ್ಚಿನ ಮುಂದೆ ಕಡ್ಲೆಪುರಿ! ಆ ಹಣದಲ್ಲಿ ಬಲ್ಬು, ನಲ್ಲಿ, ಸುಣ್ಣಬಣ್ಣ.

ಇನ್ನೊಂದು ಮಾತು. ಕೇರಿಯವರು ಕೇಳಿದಾಗ ಮಾತ್ರ "ಆ ತಾರೀಖು ಖಾಲಿ ಇಲ್ಲ" ಎಂಬ ಉತ್ತರ ಬಂದರೆ ಅಲ್ಲಿ ಹಳೆಯ ಚಾವಡಿಯೇ ಸಿಮೆಂಟು ಬಳಿದುಕೊಂಡು ನಿಂತಿದೆ ಎಂದು ತಿಳಿಯಿರಿ. ಸರ್ಕಾರದ ಹಣದಿಂದ ನಡೆಯುವ ಸಾರ್ವಜನಿಕ ಜಾಗದಲ್ಲಿ ಜಾತಿ ನೋಡಿ ಯಾರನ್ನೂ ತಡೆಯುವಂತಿಲ್ಲ. ಇದು ಸಂವಿಧಾನದ 15ನೇ ವಿಧಿ. ಯಾರ ಭಿಕ್ಷೆಯೂ ಅಲ್ಲ.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂಬುದು ಕಾನೂನು. ಊರಿನ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ನೀವೇ ಎದ್ದು ನಿಂತು ಕೇಳಿ. ಇಲ್ಲದಿದ್ದರೆ ಅಣ್ಣತಮ್ಮಂದಿರಿಂದ, ಅಕ್ಕತಂಗಿಯರಿಂದ ಕೇಳಿಸಿ. ಬೀಗದ ಕೈ ಎಲ್ಲಿ? ಲೆಕ್ಕ ಎಲ್ಲಿ? ಕಳೆದ ವರ್ಷ ಎಷ್ಟು ದಿನ ಬಾಗಿಲು ತೆಗೆದಿತ್ತು? ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ.

ಕಲ್ಲಿನ ಮೇಲೆ ಯಾರ ಹೆಸರಾದರೂ ಇರಲಿ. ಬಾಗಿಲು ಮಾತ್ರ ಊರಿನದು. ತೆಗೆಸಿ!